ಬಿಸಿಲು ಕಾಣದ ಬಿಸಿಲು ಗಡಿಯಾರ: ಕರ್ಕ್‌ಡೇಲ್ ಶಾಸನ

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ ಕರ್ಕ್‌ಡೇಲ್ ಅಂತ ಒಂದು ಕಣಿವೆ. ಅಲ್ಲಿರುವ ಸೇಂಟ್ ಗ್ರೆಗೊರಿ ಮಿನ್‌ಸ್ಟರ್‌ನಂಥ ಆಂಗ್ಲೋ-ಸ್ಯಾಕ್ಸನ್ ಚರ್ಚುಗಳನ್ನು ಸಾವಿರ ವರ್ಷದಿಂದ ಹಾಗೇ ಉಳಿದಿವೆ ಎಂದು ಹೊಗಳುವುದು ನಮ್ಮಂಥ ಹವ್ಯಾಸಿಗಳ ರೂಢಿ. ಇಲ್ಲಿನ ಶಾಸನವೇ ಈ ಮಾತನ್ನು ಒಪ್ಪುವುದಿಲ್ಲ.

ದಕ್ಷಿಣದ ಬಾಗಿಲ ಮೇಲೆ 7 ಅಡಿಗೂ ಉದ್ದದ ಒಂದೇ ಚಪ್ಪಡಿ. ನಡುವೆ ಬಿಸಿಲು ಗಡಿಯಾರ, ಎರಡೂ ಪಕ್ಕ ಹಳೆಯ ಇಂಗ್ಲಿಷ್ ಬರಹ. ಭಾವಾರ್ಥ ಇಷ್ಟು: ಗಮಲನ ಮಗ ಓರ್ಮ್, ಒಡೆದು ಬಿದ್ದಿದ್ದ ಮಿನ್‌ಸ್ಟರನ್ನು ಕೊಂಡು, ದೊರೆ ಎಡ್ವರ್ಡ್ ಮತ್ತು ಅರ್ಲ್ ತೋಸ್ತಿಯ ಕಾಲದಲ್ಲಿ ಬುಡದಿಂದ ಹೊಸದಾಗಿ ಕಟ್ಟಿಸಿದ. ಮಾಡಿದವನು ಹಾವರ್ಥ್, ಜೊತೆಗೆ ಪಾದ್ರಿ ಬ್ರಾಂಡ್‌ನ ಹೆಸರು.

ಇಸವಿ ಇಲ್ಲ. ಆದರೆ ತೋಸ್ತಿ 1055ರಲ್ಲಿ ಅರ್ಲ್ ಆದ, 1065ರ ದಂಗೆಯಲ್ಲಿ ಪದವಿ ಕಳಕೊಂಡ. ಶಾಸನ ಆ ಹತ್ತು ವರ್ಷದ ಒಳಗಿನದು. ಮೊದಲು ಚಕ್ರವರ್ತಿ, ಆಮೇಲೆ ಮಹಾಮಂಡಲೇಶ್ವರ ಅನ್ನೋ ನಮ್ಮ ಚಾಲುಕ್ಯ ಶಾಸನಗಳ ಕ್ರಮ ಬಲ್ಲವರಿಗೆ ಈ ಸಾಲು ಅಪರಿಚಿತ ಅನ್ನಿಸಲ್ಲ. ಹೆಸರುಗಳನ್ನೂ ಗಮನಿಸಿ: ಭಾಷೆ ಇಂಗ್ಲಿಷ್, ಆದರೆ ಓರ್ಮ್, ಗಮಲ್, ತೋಸ್ತಿ ಸ್ಕ್ಯಾಂಡಿನೇವಿಯದ ಹೆಸರುಗಳು.

ಹಾಗಾದರೆ "ಹಾಗೇ ಉಳಿದದ್ದು" ಯಾವುದು? ಇನ್ನೂ ಹಳೆಯ ಶಿಲುಬೆಗಳ ತುಂಡುಗಳು ಗೋಡೆಯ ಕಲ್ಲಾಗಿವೆ. ಗೋಪುರ 19ನೇ ಶತಮಾನದ್ದು. ಶಾಸನ 1771ರವರೆಗೆ ಗಾರೆಯ ಅಡಿಯಲ್ಲಿತ್ತು. ಈಗ ಬಾಗಿಲ ಮುಂದಿನ ಪೋರ್ಚ್ ಒಳಗಿದೆ, ಅಂದ್ರೆ ಗಡಿಯಾರಕ್ಕೆ ಬಿಸಿಲೇ ಇಲ್ಲ!

ಈ ಪೋರ್ಚ್ ತೆಗೆದುಬಿಡಬೇಕು ಅಂತಲೇ ನನಗೆ ಮೊದಲು ಅನ್ನಿಸಿತ್ತು. ಆಮೇಲೆ ಎಂಜಿನಿಯರ್ ಬುದ್ಧಿ ಎಚ್ಚರವಾಯ್ತು. ಕಲ್ಲಿನೊಳಗೆ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಮೇಲ್ಮೈ ಪದರ ಪದರವಾಗಿ ಏಳುತ್ತೆ. ಹೊತ್ತು ಹೇಳುವ ಕೆಲಸ ಬಿಟ್ಟದ್ದರಿಂದಲೇ ಈ ಅಕ್ಷರಗಳು ಇಷ್ಟು ಚೆನ್ನಾಗಿ ಉಳಿದಿವೆ. ನನ್ನ ಅಭಿಪ್ರಾಯ ತಪ್ಪಾಗಿತ್ತು.

ಇವತ್ತು ಈ ಚರ್ಚು ಒಂದನೇ ದರ್ಜೆಯ ಸಂರಕ್ಷಿತ ಕಟ್ಟಡ. ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡಗಳಿಗೆ ಸ್ಥಳೀಯ ಸಂಸ್ಥೆಯ ಬದಲು ಧರ್ಮಪ್ರಾಂತ್ಯದ ನ್ಯಾಯಪೀಠವೇ ಬದಲಾವಣೆಗೆ ಅನುಮತಿ ಕೊಡುತ್ತೆ. ಬುಡದಿಂದ ಕಟ್ಟಿಸ್ತೀನಿ ಅಂತ ಓರ್ಮ್ ಈಗ ಅರ್ಜಿ ಹಾಕಿದ್ರೆ ಒಪ್ಪಿಗೆ ಸಿಗೋದು ಕಷ್ಟ.

ಆದರೂ ಅವನನ್ನು ಮೆಚ್ಚಲೇಬೇಕು. ಕಟ್ಟಿಸಿದ್ದನ್ನಷ್ಟೇ ಅಲ್ಲ, ಮುಂಚೆ ಏನಿತ್ತು, ಯಾವ ಸ್ಥಿತಿಯಲ್ಲಿತ್ತು ಅನ್ನೋದನ್ನೂ ಬರೆಸಿದ. ನಮ್ಮೂರುಗಳಲ್ಲಿ ಜೀರ್ಣೋದ್ಧಾರದ ಹೊಸ ಗ್ರಾನೈಟ್ ಫಲಕ ಓದಿ ನೋಡಿ. ದಾನಿಗಳ ಹೆಸರು ಸಾಲಾಗಿ ಇರುತ್ತೆ. ಕೆಡವಿದ್ದೇನು ಅಂತ ಒಂದು ಸಾಲೂ ಇರಲ್ಲ.