ಮುಪ್ಪಿನ ಮರೆಯಲ್ಲಿ ರೋಗ

ಕಾಗಿಣಾ ನದಿ ಉಕ್ಕಿ ಬಂದರೆ ನಮ್ಮ ಕಡೆಯ ದಂಡೋತಿಯ ಸೇತುವೆ ಮುಳುಗಿ ದಾರಿ ಬಂದ್ ಆಗುತ್ತದೆ. ಅಂಥ ದಿನ ಮನೆಯ ಮುದಿ ನಾಯಿ ಏದುಸಿರು ಬಿಡತೊಡಗಿದರೆ ಡಾಕ್ಟರ ಬಳಿಗೆ ಒಯ್ಯುವುದು ಹೇಗೆ? ಆದರೆ ದೊಡ್ಡ ರೋಗಗಳಲ್ಲಿ ಹೆಚ್ಚಿನವು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ವಾರಗಟ್ಟಲೆ ಮುಂಚೆಯೇ ಸುಳಿವು ಕೊಟ್ಟಿರುತ್ತವೆ. ನಾವೇ ‘ವಯಸ್ಸಾತು ಬಿಡ್ರಿ’ ಅಂದು ಸುಮ್ಮನಾಗಿರುತ್ತೇವೆ.

ಮುಪ್ಪು ಬೇರೆ, ರೋಗ ಬೇರೆ. ಮೂತಿ ನರೆಯುವುದು, ಕಣ್ಣಿನಲ್ಲಿ ತೆಳು ನೀಲಿ ಮಂಜು ಕಟ್ಟುವುದು, ಕಿವಿ ಮಂದವಾಗುವುದು, ನಿದ್ದೆ ಹೆಚ್ಚುವುದು, ಇವು ತಿಂಗಳುಗಟ್ಟಲೆ ನಿಧಾನವಾಗಿ ಬರುವ ಮುಪ್ಪು. ಎರಡು ವಾರದಲ್ಲಿ ಪಕ್ಕೆಲುಬು ಎದ್ದು ಕಂಡರೆ, ರೊಟ್ಟಿ ಮೂಸಿ ತಿರುಗಿ ಹೋದರೆ, ಅದು ರೋಗ.

ನಮ್ಮ ನಾಯಿ ಕರಿಯಾ ತನ್ನ ಹನ್ನೊಂದನೇ ವಯಸ್ಸಿನ ಬೇಸಿಗೆಯಲ್ಲಿ ನೀರಿನ ಬೋಗುಣಿ ದಿನಕ್ಕೆ ಎರಡು ಸಲ ಬರಿದು ಮಾಡುತ್ತಿದ್ದ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಬಾಯಾರಿಕೆ ಸಹಜ ಅಂದುಕೊಂಡೆವು. ಮಳೆ ಬಿದ್ದು ನೆಲ ತಂಪಾದರೂ ಅವನ ದಾಹ ಇಳಿಯಲಿಲ್ಲ. ಎಂದೂ ಮನೆಯೊಳಗೆ ಉಚ್ಚೆ ಹೊಯ್ಯದವನು ಮಲಗಿದಲ್ಲೇ ಪರಸಿ ಕಲ್ಲಿನ ನೆಲ ತೋಯಿಸತೊಡಗಿದ. ಬಾಯಿಂದ ಕೆಟ್ಟ ವಾಸನೆ ಬಂತು. ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡ ಬಹಳಷ್ಟು ಸೋತಿತ್ತು. ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲೆಯೇ ಆ ದೋಷ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಎದ್ದು ಕಾಣುವುದಂತೆ.

ಅಂದಿನಿಂದ ನಾನು ನೀರನ್ನು ಅಳೆದೇ ಇಡುತ್ತೇನೆ. ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 100 ಮಿ.ಲೀ. ದಾಟಿದರೆ, ಅಂದರೆ 20 ಕೆ.ಜಿ. ನಾಯಿ ಎರಡು ಲೀಟರಿಗಿಂತ ಹೆಚ್ಚು ಕುಡಿದರೆ, ಮೂತ್ರಪಿಂಡದ ರೋಗವೋ ಸಕ್ಕರೆ ಕಾಯಿಲೆಯೋ ನೋಡಿಸಬೇಕು. ನೀರು ಮಾತ್ರ ತಪ್ಪಿಸಬೇಡಿ.

ಇನ್ನೆರಡು ಪರೀಕ್ಷೆಗೆ ಖರ್ಚಿಲ್ಲ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಪಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಸುಣ್ಣದಂತೆ ಬಿಳಿಚಿದ್ದರೆ ಒಳಗೆ ರಕ್ತಸ್ರಾವವೋ ಉಣ್ಣಿಯಿಂದ ಬಂದ ಜ್ವರವೋ ಇರಬಹುದು. ಎರಡನೆಯದು, ಗಾಢ ನಿದ್ದೆಯಲ್ಲಿ ಪಕ್ಕೆ ಏರಿಳಿಯುವುದನ್ನು ಎಣಿಸಿ. ತಂಪು ಹೊತ್ತಿನಲ್ಲೂ ನಿಮಿಷಕ್ಕೆ 30 ದಾಟುತ್ತಿದ್ದರೆ, ಜೊತೆಗೆ ರಾತ್ರಿ ಕೆಮ್ಮಿದ್ದರೆ, ಹೃದಯ ತೋರಿಸಿ.

ಸಂತಾನಹರಣ ಮಾಡಿಸದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಮಂಕಾಗಿ, ನೀರು ಹೆಚ್ಚು ಕುಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಲೇಬೇಕೆಂದಿಲ್ಲ. ನಾಳೆಗೆ ಕಾಯುವ ಕಾಯಿಲೆ ಅಲ್ಲ ಅದು. ಹೊಟ್ಟೆ ಉಬ್ಬಿ ಬರಿದೇ ಓಕರಿಸುವುದು, ಉಚ್ಚೆ ಕಟ್ಟುವುದು, ಕುಸಿದು ಬೀಳುವುದು, ಇವೂ ಹಾಗೆಯೇ.

ಎರಡು ಎಚ್ಚರಿಕೆ. ನೋವಿಗೆಂದು ಮನುಷ್ಯರ ಗುಳಿಗೆ ಹಾಕಬೇಡಿ; ಪ್ಯಾರಾಸಿಟಮಾಲ್ ಯಕೃತ್ತನ್ನೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆ, ಮೂತ್ರಪಿಂಡಗಳನ್ನೂ ಕೆಡಿಸುತ್ತವೆ. ಸ್ವಭಾವ ಬದಲಾಗಿ, ದವಡೆ ಜೋತು, ಜೊಲ್ಲು ಸುರಿಯುತ್ತಿದ್ದರೆ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ, ಅದು ಹುಚ್ಚು ರೋಗವೂ ಇರಬಹುದು.

ಕರಿಯಾನನ್ನು ಒಂದು ತಿಂಗಳು ಮೊದಲೇ ತೋರಿಸಿದ್ದರೆ ಅವನಿಗೆ ಇನ್ನಷ್ಟು ನೆಮ್ಮದಿಯ ದಿನ ಸಿಗುತ್ತಿದ್ದವು. ನಿಮ್ಮ ನಾಯಿಗೆ ಏಳು ವರ್ಷ ದಾಟಿದ್ದರೆ ಇಂದು ರಾತ್ರಿ ಅದು ಮಲಗಿದಾಗ ಪಕ್ಕದಲ್ಲಿ ಕುಳಿತು ಒಂದು ನಿಮಿಷ ಉಸಿರು ಎಣಿಸಿ, ಬರೆದಿಡಿ. ಮುಂದೆ ಡಾಕ್ಟರು ಕೇಳಿದಾಗ ಅದು ಬಾಯಿಬಿಟ್ಟು ಹೇಳಲಾರದು, ನೀವೇ ಹೇಳಬೇಕು.