ಪೀಟರ್ ಲೋರೆಯನ್ನು ನೋಡುವ ಬಗೆ

ನಟ ಪೀಟರ್ ಲೋರೆ ಎಂದೊಡನೆ ಹೆಚ್ಚಿನವರು ಹೇಳುವುದು ‘ಕಾಸಾಬ್ಲಾಂಕಾ’ ಚಿತ್ರದ ಹೆಸರನ್ನು. ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ. ಅದರಲ್ಲಿ ಆತ ಕೆಲವೇ ನಿಮಿಷ ಇರುತ್ತಾನೆ. ಫ್ರಿಟ್ಜ್ ಲಾಂಗ್ 1931ರಲ್ಲಿ ನಿರ್ದೇಶಿಸಿದ ಜರ್ಮನ್ ಚಿತ್ರ ‘ಎಂ’ ಮೊದಲು ನೋಡಿ.

ಅದರಲ್ಲಿ ಲೋರೆ ಮಕ್ಕಳನ್ನು ಕೊಲ್ಲುವವನು. ಪುಟ್ಟ ಹುಡುಗಿಯೊಬ್ಬಳು ಕಂಬಕ್ಕೆ ಚೆಂಡು ಬಡಿಯುತ್ತಿದ್ದಾಳೆ. ಕೊಲೆಗಾರನ ಸುಳಿವು ಕೊಟ್ಟವರಿಗೆ ಬಹುಮಾನ ಎಂದು ಅಂಟಿಸಿದ ಪ್ರಕಟಣೆಯ ಮೇಲೇ ಅವನ ನೆರಳು ಬೀಳುತ್ತದೆ. ಮುಖ ಇನ್ನೂ ಕಂಡಿಲ್ಲ. ದನಿಯೊಂದು ಅಕ್ಕರೆಯಿಂದ ಮಗುವಿನ ಹೆಸರು ಕೇಳುತ್ತದೆ. ಆ ಮೆತ್ತನೆಯ ದನಿಯನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಜೀವನವಿಡೀ ಆತನ ದೊಡ್ಡ ಆಸ್ತಿ ಅದೇ.

ಕೊನೆಗೆ ಊರಿನ ಕಳ್ಳಕಾಕರೇ ಅವನನ್ನು ಹಿಡಿದು ವಿಚಾರಣೆ ನಡೆಸುತ್ತಾರೆ. ಈ ದೃಶ್ಯವನ್ನು ಎರಡು ಸಲ ನೋಡಿ, ಎರಡನೆಯ ಸಲ ಸಬ್‌ಟೈಟಲ್ ಇಲ್ಲದೆ. ವಾಚಿಕದ ಅರ್ಥ ಬಿಟ್ಟುಹೋದಾಗ ಆಂಗಿಕ ಎದ್ದು ಕಾಣುತ್ತದೆ. ಬೆರಳುಗಳು ಸೆಟೆದುಕೊಳ್ಳುತ್ತವೆ, ಕಣ್ಣು ಅಗಲವಾಗುತ್ತದೆ, ಕಿರುಚಾಟ ಇದ್ದಕ್ಕಿದ್ದಂತೆ ಪಿಸುಮಾತಿಗೆ ಇಳಿಯುತ್ತದೆ. ಭಯಾನಕದ ಪಕ್ಕದಲ್ಲೇ ಕರುಣ ಬಂದು ನಿಲ್ಲುತ್ತದೆ, ನಡುವೆ ಸೇತುವೆಯೇ ಇಲ್ಲ.

ಇದು ರಂಗಭೂಮಿಯಲ್ಲಿ ಪಳಗಿದ ವಿದ್ಯೆ. 1904ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿದ ಲೋರೆ ವಿಯೆನ್ನಾ, ಬ್ರೆಸ್ಲಾವ್, ಬರ್ಲಿನ್‌ಗಳಲ್ಲಿ ನಾಟಕ ಆಡಿದವನು. ‘ಎಂ’ ತೆರೆಕಂಡ ವರ್ಷವೇ ಬ್ರೆಕ್ಟ್ ನಾಟಕವೊಂದರ ಮುಖ್ಯ ಪಾತ್ರ ಮಾಡಿದ. ಮಾತು ತುಂಡುತುಂಡಾಗಿದೆ ಎಂಬ ಟೀಕೆ ಬಂದಾಗ ಬ್ರೆಕ್ಟ್ ಆ ಶೈಲಿಯನ್ನು ಬರೆದು ಸಮರ್ಥಿಸಿದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಯಾದ ಲೋರೆ ಜರ್ಮನಿ ಬಿಟ್ಟ. ಪ್ಯಾರಿಸ್, ಲಂಡನ್, ಆಮೇಲೆ ಹಾಲಿವುಡ್. ಹಿಚ್‌ಕಾಕ್ ಚಿತ್ರದಲ್ಲಿ ನಟಿಸಿದ್ದು ಇಂಗ್ಲಿಷ್ ಅಷ್ಟಾಗಿ ಬಾರದಿದ್ದಾಗ, 1934ರಲ್ಲಿ. ನಾತ್ಸಿಗಳು 1940ರ ಯಹೂದಿದ್ವೇಷದ ಪ್ರಚಾರಚಿತ್ರವೊಂದಕ್ಕೆ ‘ಎಂ’ನ ಆ ವಿಚಾರಣೆಯ ತುಣುಕನ್ನೇ ಬಳಸಿಕೊಂಡರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನು?

ಹಾಲಿವುಡ್ ಆತನಿಗೆ ಹೆಚ್ಚಾಗಿ ಕೊಟ್ಟದ್ದು ವಿಚಿತ್ರ ಪರದೇಶಿಗಳ ಪಾತ್ರಗಳನ್ನು. ಜಪಾನಿ ಪತ್ತೇದಾರ ಮೋಟೋನ 8 ಚಿತ್ರಗಳಲ್ಲಿ ಒಂದು ನೋಡಿದರೆ ಸಾಕು. ‘ದಿ ಮಾಲ್ಟೀಸ್ ಫಾಲ್ಕನ್’ (1941) ಮಾತ್ರ ತಪ್ಪಿಸಬೇಡಿ. ಎಲ್ಲರೂ ಬೆನ್ನಟ್ಟಿದ ಹಕ್ಕಿಯ ಬೊಂಬೆ ಬರೀ ಸೀಸ ಎಂದು ಗೊತ್ತಾದಾಗ ಲೋರೆ ತನ್ನ ಸಂಗಾತಿಯನ್ನು ಬಾಯಿಗೆ ಬಂದಂತೆ ಬೈದು, ಕುಸಿದು ಅಳುತ್ತಾನೆ. ಮತ್ತೆ ಹುಡುಕೋಣ ಎಂದು ಆ ಸಂಗಾತಿ ಹೇಳಿದ್ದೇ ತಡ, ಮುಖ ಅರಳುತ್ತದೆ. ‘ಎಂ’ನಲ್ಲಿ ಕಂಡ ಅದೇ ಜಿಗಿತ, ಪರಭಾಷೆಯಲ್ಲಿ.

ಕಡೆಗೆ ‘ಡೆರ್ ಫರ್ಲೋರೆನೆ’ (1951) ನೋಡಿ. ಜರ್ಮನಿಗೆ ಮರಳಿ ಆತ ನಿರ್ದೇಶಿಸಿದ ಒಂದೇ ಚಿತ್ರ ಅದು. ನಾಯಕನೂ ಆತನೇ, ನಾತ್ಸಿ ಕಾಲದ ಒಬ್ಬ ಕೊಲೆಗಾರ ವೈದ್ಯ. ಅಲ್ಲಿನ ಪ್ರೇಕ್ಷಕರು ಕೈಹಿಡಿಯಲಿಲ್ಲ. ಲೋರೆ ಅಮೆರಿಕಕ್ಕೆ ವಾಪಸಾದ, 1964ರಲ್ಲಿ ಅಲ್ಲೇ ತೀರಿಕೊಂಡ. ಕಿರುಚಾಟವನ್ನೆಲ್ಲ ಬಿಟ್ಟುಕೊಟ್ಟ, ಆ ಚಿತ್ರದ ತಣ್ಣನೆಯ ಅಭಿನಯವೇ, ನನ್ನ ಮಟ್ಟಿಗೆ, ಆತನ ಅತ್ಯುತ್ತಮ ಕೆಲಸ.