ಹೂವಿನಕೋಲಿನ ಮೌಲ್ಯನಿರ್ಣಯ

ಸಾಸ್ತಾನ, ಸಾಲಿಗ್ರಾಮ, ಕೋಟಗಳ ಆಸುಪಾಸಿನಲ್ಲಿ ನವರಾತ್ರಿಯ ಕಾಲಕ್ಕೆ ಮನೆಮನೆಗೆ ಹೋಗುತ್ತಿದ್ದ ಹೂವಿನಕೋಲಿನ ತಂಡವನ್ನು ಯಕ್ಷಗಾನದ ಬಾಲಪಾಠವೆಂದು ಕರೆದು ಮುಂದೆ ಸಾಗುವುದು ನಮ್ಮ ವಿಮರ್ಶೆಯ ರೂಢಿ. ಹುಡುಗರು ಇಲ್ಲಿ ಅರ್ಥಗಾರಿಕೆ ಕಲಿತರೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಒಂದು ಕಲೆಯನ್ನು ಅದು ಬೇರೊಂದಕ್ಕೆ ಒದಗಿಸಿದ ಕಲಾವಿದರಿಂದಷ್ಟೇ ಅಳೆಯುವುದು ನ್ಯಾಯವಲ್ಲ. (ಬಿತ್ತನೆಯ ಭತ್ತದಿಂದಲೂ ಅನ್ನವಾಗುತ್ತದಷ್ಟೆ.)

ತಂಡವೆಂದರೆ ಒಬ್ಬ ಭಾಗವತ, ಒಬ್ಬ ಮದ್ದಳೆಗಾರ, ಹೂವಿನಿಂದ ಸಿಂಗರಿಸಿದ ಕೋಲು, ಎದುರುಬದುರಾಗಿ ಕುಳಿತ ಇಬ್ಬರು ಬಾಲಕರು. ರಂಗಸ್ಥಳವಿಲ್ಲ, ಕುಣಿತವಿಲ್ಲ, ಟಿಕೆಟ್ಟಿಲ್ಲ. ಪ್ರಸಂಗದ ಒಂದು ತುಣುಕು, ಮನೆಯವರನ್ನು ಹರಸುವ ನುಡಿ. ಪ್ರತಿಯಾಗಿ ಅಕ್ಕಿ, ಕಾಯಿ, ಚಿಲ್ಲರೆ ಕಾಸು. ಒಲೆಯ ಮೇಲಿನ ಅನ್ನ ಬೇಯುವುದರೊಳಗೆ ಮಾತು ಮನೆಯನ್ನು ಗೆಲ್ಲಬೇಕು. ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಬಯಲಾಟಕ್ಕೆ ದೊರೆತ ಆ ಗೌರವದ ನೆರಳಿನಲ್ಲಿ ಚಾವಡಿಯ ಈ ಕಿರುಕಲೆ ಮರೆಯಾಯಿತೆಂದು ನಮಗೆ ತೋರುತ್ತದೆ. ಬಣ್ಣದ, ಹೆಜ್ಜೆಯ ಆಸರೆಯಿಲ್ಲದ ಮಾತಿಗೆ ಬಯಲಾಟದ ಅಳತೆಗೋಲು ಹೊಂದದು.

ಹೊಂದುವ ಹೋಲಿಕೆ ದೂರದಲ್ಲಿದೆ. 1970ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಕಟ್ಟಿದ ಪಂಕ್ ಎಂಬ ಸಂಗೀತದ ತಂಡಗಳು ಅಲ್ಪ ಸಲಕರಣೆ, ಇಕ್ಕಟ್ಟಿನ ಕೋಣೆ, ಕೇಳುಗನ ಮೈಗೆ ತಾಗುವ ಸಾಮೀಪ್ಯ ಇವುಗಳಿಂದಲೇ ಕಸುವು ಪಡೆದುವು. ಅವರು ಹಿರಿಯರ ಮನೆಯನ್ನು ಧಿಕ್ಕರಿಸಿದರು, ನಮ್ಮ ಹುಡುಗರು ಹರಸಿದರು. ಇಲ್ಲದಿರುವಿಕೆಯನ್ನೇ ಶೈಲಿಯಾಗಿಸಿದ ಬಗೆ ಮಾತ್ರ ಒಂದೇ.

ಇಂದಿನ ಪುನರುಜ್ಜೀವನದ ಯತ್ನಗಳಲ್ಲಿ ಹೂವಿನಕೋಲನ್ನು ಸಭಾವೇದಿಕೆಗೆ ಏರಿಸುವುದೂ ಉಂಟು. ಧ್ವನಿವರ್ಧಕದ ಮುಂದೆ ಮಾತು ಸ್ಪಷ್ಟವಾಗಿಯೇ ಕೇಳಿಸುತ್ತದೆ. ತಾವು ಹರಸುತ್ತಿರುವುದು ಯಾರ ಮನೆಯನ್ನೆಂಬುದು ಮಾತ್ರ ಹುಡುಗರಿಗೆ ತಿಳಿಯದು.